ಮೇಲೆ ಎಳೆದ ಗೆರೆ

"ಮೇಲೇ ಮೇಡಂ. ನಾವು ಯಾವಾಗ್ಲೂ ಮೇಲೇ ಎಳೆಯೋದು," ಎಂದ ಫೋನಿನ ಆ ತುದಿಯಲ್ಲಿದ್ದ ಕೊರೆಯುವ ತಂಡದವನು. ಅವನ ಹಿಂದೆ ಯಾವುದೋ ಯಂತ್ರ ಒಂದೇ ಸಮನೆ ಅರಚುತ್ತಿತ್ತು. "ಕೆಲವ್ರು ಕೆಳಗೆ ಎಳೀತಾರೆ. ನಮ್ಗೆ ಆ ಅಭ್ಯಾಸ ಇಲ್ಲ. ಯಾಕೆ, ಏನಾಯ್ತು?"

ಅವಳು ಶೆಡ್ಡಿನ ಸಿಮೆಂಟು ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಮುಂದೆ ತಗಡಿನ ಉದ್ದನೆಯ ಟ್ರೇಗಳು, ಅವುಗಳ ತುಂಬ ಭೂಮಿಯ ಹೊಟ್ಟೆಯಿಂದ ಕೊರೆದು ತೆಗೆದ ಕಲ್ಲಿನ ದಂಡಗಳು, ಒಂದೊಂದೂ ಲಟ್ಟಣಿಗೆಯಷ್ಟು ದಪ್ಪ. ಎಲ್ಲದರ ಮೈಮೇಲೂ ಕೆಂಪು ಮೇಣದ ಪೆನ್ಸಿಲಿನ ಗೆರೆ.

"ಏನಿಲ್ಲ. ಆಗ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಕೇಳ್ಲೇ ಇಲ್ವಲ್ಲ ಮೇಡಂ! ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡ್ವಿ. ಅಲ್ಲಿ ಎಲ್ಲಾ ಚೆನ್ನಾಗಿದಾರಾ? ಚಿನ್ನ ಸಿಕ್ತಾ?"

ಅವಳು ಫೋನು ಇಟ್ಟಳು.

ನೋಡಿ, ವಿಷಯ ಇಷ್ಟೇ. ಕೊರೆದು ತೆಗೆದ ಕಲ್ಲು ಹೊರಗೆ ಬಂದಮೇಲೆ ಉರುಳುತ್ತದೆ. ಒಳಗಿದ್ದಾಗ ಅದರ ಯಾವ ಮೈ ಮೇಲಿತ್ತು, ಯಾವ ಮೈ ಕೆಳಗಿತ್ತು ಎಂದು ಅದೇನೂ ಬಾಯಿ ಬಿಟ್ಟು ಹೇಳುವುದಿಲ್ಲ. ಅದಕ್ಕೇ ಕೊರೆಯುವವರು ಕೊಳವೆಯಿಂದ ತೆಗೆಯುವ ಮೊದಲೇ ಗುರುತು ಹಿಡಿದು ಉದ್ದಕ್ಕೆ ಒಂದು ಗೆರೆ ಎಳೆಯುತ್ತಾರೆ. ಹಿಂದಿನ ತಂಡದವರು ವರ್ಷಾನುಗಟ್ಟಲೆ ಗೆರೆಯನ್ನು ಕೆಳಮೈಗೆ ಎಳೆಯುತ್ತಿದ್ದರು. ಅವರು ಹೋಗಿ ಇವರು ಬಂದರು. ಇವರು ಮೇಲ್ಮೈಗೆ ಎಳೆದರು. ಉಪ್ಪು ಅವಳು ಹಾಕಿದ್ದಾಳೆ ಎಂದು ಇವಳು, ಇವಳು ಹಾಕಿದ್ದಾಳೆ ಎಂದು ಅವಳು ಸುಮ್ಮನಿರುವ ಅಡುಗೆಮನೆಯ ಹಾಗೆ, ಯಾರೂ ಯಾರನ್ನೂ ಕೇಳಲಿಲ್ಲ. ಶೆಡ್ಡಿನಲ್ಲಿ ಅವಳು ಮಾತ್ರ ಆ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಗೆರೆ ಕೆಳಗಿದೆ ಎಂದುಕೊಂಡು, ಪ್ರತಿಯೊಂದು ಬಿರುಕನ್ನೂ ಮಡಿಕೆಯನ್ನೂ ಅಳೆದಿದ್ದಳು. ತಲೆಕೆಳಗಾಗಿ ಅಳೆದಿದ್ದಳು, ದಿಕ್ಕುಗಳೆಲ್ಲ ಅದಲುಬದಲಾಗಿದ್ದವು.

ಆ ಅಳತೆಯನ್ನು ನಂಬಿ ನೆಲದಡಿಯಲ್ಲಿ ಒಂದು ಸುರಂಗ ಹೊರಟಿತ್ತು.

ಗಣಿಯ ಜನ ಅವಳನ್ನು ಕಲ್ಲಕ್ಕ ಎನ್ನುತ್ತಿದ್ದರು. ಭೂವಿಜ್ಞಾನಿ ಎನ್ನುವ ಪದ ಅವರ ಬಾಯಿಗೆ ಉದ್ದವಾಗುತ್ತಿತ್ತು. ಅವಳಿಗೂ ಕಲ್ಲಕ್ಕನೇ ಹಿತವಾಗಿತ್ತು. ಅವಳು ಈ ಗಣಿಗೆ ಕೆಲಸಕ್ಕೆ ಬಂದು, ಇಲ್ಲಿಯ ಪಂಪ್‌ಹೌಸಿನವನನ್ನು ಮದುವೆಯಾಗಿ, ಇಲ್ಲಿಯ ಕ್ವಾರ್ಟರ್ಸಿನಲ್ಲೇ ಸಂಸಾರ ಹೂಡಿದವಳು. ಗಂಡನ ಅಣ್ಣ ಸುರಂಗದ ಮೇಸ್ತ್ರಿ. ಕೆಳಗೆ ಬಂಡೆ ಒಡೆಯುವ ತಂಡವೆಲ್ಲ ಅವರ ಕೈಕೆಳಗೆ.

ಹೋದ ವರ್ಷ ಚಿನ್ನದ ಪಟ್ಟೆ ಇದ್ದಕ್ಕಿದ್ದಂತೆ ಮುಗಿದುಹೋಯಿತು. ಚಾಕುವಿನಿಂದ ಕತ್ತರಿಸಿದ ಹಾಗೆ ಒಂದು ಬಿರುಕಿಗೆ ಬಂದು ನಿಂತಿತು, ಅದರಾಚೆ ಬರಿಯ ಹಸಿರು ಕಲ್ಲು. ಕಂಪನಿಯವರು ದೂರದಿಂದ ಬಂದು, ಹೆಲ್ಮೆಟ್ ಹಾಕಿಕೊಂಡು ಫೋಟೋ ತೆಗೆಸಿಕೊಂಡು, ಒಂದೇ ಒಂದು ಸುರಂಗಕ್ಕೆ ಒಪ್ಪಿಗೆ ಕೊಟ್ಟು ಹೋದರು. ಪಟ್ಟೆಯ ಉಳಿದ ಭಾಗ ಸಿಕ್ಕರೆ ಗಣಿ ಉಳಿಯುತ್ತದೆ, ಸಿಗದಿದ್ದರೆ ನೀರೆತ್ತುವ ಪಂಪು ನಿಲ್ಲಿಸಿ ಬೀಗ, ಗಣಿ ನೀರಿನಡಿ. ಯಾವ ಕಡೆ ತೋಡಬೇಕು ಎನ್ನುವುದನ್ನು ಹೇಳಬೇಕಾದವಳು ಕಲ್ಲಕ್ಕ.

ಅವಳು ಪೂರ್ವಕ್ಕೆ ಎಂದಿದ್ದಳು.

ಅಷ್ಟು ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತೇನೋ. ತಂಡದವರನ್ನೆಲ್ಲ ಕ್ಯಾಂಟೀನಿನಲ್ಲಿ ಕೂಡಿಸಿ, ಮೇಜಿನ ಮೇಲೆ ಮನೆಯ ಹೊದಿಕೆ ಹಾಸಿ ಪಾಠ ಬೇರೆ ಮಾಡಿದ್ದಳು. "ಇದು ನಮ್ಮ ಹಸಿರು ಕಲ್ಲಿನ ಪಟ್ಟಿ. ಮನುಷ್ಯ ಅಲ್ಲ, ಹುಲ್ಲುಕಡ್ಡಿ ಕೂಡ ಹುಟ್ಟಿರದ ಕಾಲದಲ್ಲಿ ಸಮುದ್ರದ ತಳದಲ್ಲಿ ಬೆಂಕಿ ಉಕ್ಕಿ ಆಗಿದ್ದು." ಎರಡೂ ಕಡೆಯಿಂದ ತಳ್ಳಿ ಹೊದಿಕೆಯನ್ನು ಮಡಿಕೆ ಎಬ್ಬಿಸಿದಳು. "ಇದು ಮೊದಲನೇ ಪೆಟ್ಟು. ಆಮೇಲೆ ಬಿರುಕಿನೊಳಗೆ ಬಿಸಿನೀರು ನುಗ್ಗಿ ಬಿಳಿ ಕಲ್ಲೂ ಚಿನ್ನವೂ ಬಂತು." ಮತ್ತೆ ಅಡ್ಡಕ್ಕೆ ತಳ್ಳಿದಳು. "ಇದು ಎರಡನೇ ಪೆಟ್ಟು. ಚಿನ್ನದ ಪಟ್ಟೆಯೂ ಮಡಿಚಿಕೊಳ್ತು." ಕೊನೆಗೆ ಹೊದಿಕೆಯ ಅರ್ಧವನ್ನು ಅಂಗೈಯಿಂದ ಒತ್ತಿ ಹಿಡಿದು ಇನ್ನರ್ಧವನ್ನು ಜಾರಿಸಿದಳು. "ಮೂರನೇ ಪೆಟ್ಟಿಗೆ ನೆಲವೇ ಹರಿದು ಒಂದು ಭಾಗ ಪೂರ್ವಕ್ಕೆ ಜಾರಿತು. ನಮ್ಮ ಚಿನ್ನ ಅಲ್ಲಿದೆ."

"ಅಂದ್ರೆ ಯಾವ ಇಸ್ತ್ರಿಗೂ ಬಗ್ಗದ ಬಟ್ಟೆ," ಎಂದಿದ್ದರು ಭಾವ. ಎಲ್ಲರೂ ನಕ್ಕಿದ್ದರು. "ಆಯ್ತಮ್ಮ, ಪೂರ್ವಕ್ಕೆ ಅಂದ್ರೆ ಪೂರ್ವಕ್ಕೆ. ನಮ್ಮನೆ ಸೊಸೆ ಹೇಳಿದ ಮೇಲೆ ಮುಗೀತು."

ಅದೇ ವಾರ ಇನ್ನೊಂದು ಗಣಿಯವರು ಭಾವನನ್ನೂ ಅವರ ತಂಡವನ್ನೂ ಒಟ್ಟಿಗೇ ಕರೆದೊಯ್ಯಲು ಬಂದಿದ್ದರು. ಒಳ್ಳೆಯ ಸಂಬಳ, ಮನೆ, ಮಕ್ಕಳಿಗೆ ಸ್ಕೂಲು. ಭಾವ ಅವರಿಗೆ ಕಾಫಿ ಕೊಟ್ಟು ವಾಪಸು ಕಳಿಸಿದರು. ಸಾಮಾನು ಕಟ್ಟಿದ್ದವರು ಬಿಚ್ಚಿದರು. ಆ ಕೆಲಸಗಳು ಬೇರೆಯವರ ಪಾಲಾದವು.

ನಿನ್ನೆ ಅವಳು ಎಂದಿನಂತೆ ಸುರಂಗಕ್ಕೆ ಇಳಿದಿದ್ದಳು. ಹೊಸದಾಗಿ ಒಡೆದ ಗೋಡೆಯಲ್ಲಿ ಕೈಬೆರಳಿನಷ್ಟು ಪುಟ್ಟ ಮಡಿಕೆಗಳ ಸಾಲು ಕಂಡಿತು. ಪುಟ್ಟ ಮಡಿಕೆಗಳು ಯಾವ ಕಡೆ ವಾಲಿವೆ ಎನ್ನುವುದರ ಮೇಲೆ ದೊಡ್ಡ ನೆಲ ಯಾವ ಕಡೆ ಜಾರಿದೆ ಎಂದು ತಿಳಿಯುತ್ತದೆ. ಅವೆಲ್ಲ ಅವಳ ಲೆಕ್ಕಕ್ಕೆ ತೀರ ವಿರುದ್ಧವಾಗಿ ವಾಲಿದ್ದವು. ಹೆಲ್ಮೆಟ್ ದೀಪದಲ್ಲಿ ಮತ್ತೆ ಮತ್ತೆ ನೋಡಿದಳು. ಹಾಳಾದ ಮಡಿಕೆಗಳು ಒಂದಾದರೂ ಅವಳ ಪರವಾಗಿ ವಾಲಬಾರದಿತ್ತೇ! ಅದಕ್ಕೇ ಈ ಬೆಳಿಗ್ಗೆ ಶೆಡ್ಡಿಗೆ ಓಡಿ ಬಂದು ಫೋನು ಹಚ್ಚಿದ್ದು.

ಮ್ಯಾನೇಜರರ ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಅವರು ಮಾತ್ರೆ ನುಂಗಲು ನೀರಿನ ಲೋಟ ಎತ್ತಿದ್ದರು. ಅವಳು ಹೇಳಿ ಮುಗಿಸುವವರೆಗೂ ಲೋಟ ಕೈಯಲ್ಲೇ ಉಳಿಯಿತು.

"ಅಂದ್ರೆ ಚಿನ್ನ ಪಶ್ಚಿಮಕ್ಕಿದೆ," ಎಂದರು.

"ಹೌದು ಸರ್. ಬಿರುಕಿನ ಆ ಮಗ್ಗುಲಿಗೆ. ನಾವು ಇಷ್ಟು ದಿನ ಅದಕ್ಕೆ ಬೆನ್ನು ಹಾಕಿ ನಡೆದಿದ್ದೀವಿ."

"ಇಲ್ಲಿಂದ ತಿರುಗಿಸಬಹುದಾ?"

"ಇಲ್ಲ ಸರ್. ಹೊಸದಾಗಿ ಶುರು ಮಾಡ್ಬೇಕು. ಇಷ್ಟೇ ಉದ್ದ, ಆ ಕಡೆಗೆ."

ಅವರು ಬೈಯಲಿಲ್ಲ. ಒಳ್ಳೆಯ ಮನುಷ್ಯ, ಅದೇ ಕಷ್ಟ. ಅವಳ ಮುಂದೆಯೇ ಕಂಪನಿಯ ಕಚೇರಿಗೆ ಫೋನು ಮಾಡಿದರು. ಆ ಕಡೆಯವನ ದನಿ ಬಲು ನಯವಾಗಿತ್ತು. ಒಪ್ಪಿಗೆಯಾದದ್ದು ಒಂದು ಸುರಂಗಕ್ಕೆ, ಎರಡನೆಯದರ ಪ್ರಸ್ತಾಪ ಬಂದರೆ ಮೊದಲನೆಯದು ವಿಫಲವಾಯಿತೆಂದೇ ಅರ್ಥ, ಹಾಗಿದ್ದರೆ ಮುಚ್ಚುವ ಕೆಲಸ ಈ ವಾರವೇ ಶುರು ಮಾಡಬಹುದು, ಹಾಗೆಂದು ಬರೆದುಕೊಳ್ಳಲೇ ಸರ್ ಎಂದು ಕೇಳಿದ. ಮ್ಯಾನೇಜರರು ಬೇಡ ಬೇಡ ಎಂದು ಗಾಬರಿಯಿಂದ ಫೋನು ಇಟ್ಟರು.

"ಕೇಳಿಸ್ಕೊಂಡ್ರಲ್ಲ," ಎಂದರು. "ಬಾಯಿ ಬಿಟ್ರೆ ಈ ವಾರ. ಬಿಡದಿದ್ರೆ ಸುರಂಗ ಮುಗಿಯೋವರೆಗೆ. ಅಷ್ಟೇ ವ್ಯತ್ಯಾಸ. ನಾನೇನು ಮಾಡ್ಲಿ, ನೀವೇ ಹೇಳಿ."

"ಚಿನ್ನ ಎಲ್ಲಿದೆ ಅಂತ ಈಗ ಖಂಡಿತವಾಗಿ ಗೊತ್ತು ಸರ್."

"ನೀರಿನಡಿ ಹೋದ್ಮೇಲೆ ಎಲ್ಲಿದ್ರೇನು," ಎಂದು ಅವರು ಮಾತ್ರೆಯನ್ನು ಮರಳಿ ಡಬ್ಬಿಗೇ ಹಾಕಿದರು.

ಹೊರಗೆ ಬಂದರೆ ದಾರಿಯಲ್ಲೇ ಓರಗಿತ್ತಿ ಸಿಕ್ಕಬೇಕೇ! ಭಾವನ ಹೆಂಡತಿ, ಮೊಣಕೈಯವರೆಗೂ ಸುಣ್ಣ. ಗಣಿ ಉಳಿಯುತ್ತದೆ ಎನ್ನುವ ಧೈರ್ಯದ ಮೇಲೆ ಅವರು ಅಡುಗೆಮನೆಯ ಹೊಗೆ ಹಿಡಿದ ಗೋಡೆಗಳನ್ನೆಲ್ಲ ತಾವೇ ತಿಕ್ಕಿ ಬಳಿಯಲು ಶುರು ಮಾಡಿದ್ದರು.

"ಏ, ನಿಂತ್ಕೊಳೇ. ನಡುಮನೆಗೆ ಹಳದಿ ಚೆನ್ನಾಗಿರುತ್ತಾ, ತಿಳಿನೀಲಿನಾ? ನಿನ್ನ ಭಾವಂಗೆ ಕೇಳಿದ್ರೆ ಯಾವ್ದಾದ್ರೂ ಬಳ್ಕೋ ಅಂತಾರೆ. ಅವ್ರಿಗೆ ಬಂಡೆ ಬಣ್ಣ ಬಿಟ್ರೆ ಇನ್ಯಾವ್ದೂ ಕಣ್ಣಿಗೆ ಕಾಣಲ್ಲ."

"ಈಗ್ಲೇ ಬೇಡ ಅಕ್ಕ. ಸ್ವಲ್ಪ ತಡೀರಿ."

"ಯಾಕೆ ತಡೀಬೇಕು? ಇಷ್ಟು ವರ್ಷ ಇವತ್ತು ಮುಚ್ತಾರೆ ನಾಳೆ ಮುಚ್ತಾರೆ ಅಂತ ಒಂದು ಮೊಳೆ ಹೊಡೆಯೋಕೂ ಹೆದರಿಕೊಂಡು ಬದುಕಿದ್ದಾಯ್ತು. ಮುಖ ಯಾಕೆ ಹೀಗಿದೆ? ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ ಇಲ್ವಾ?"

"ತಿಂದೆ ಅಕ್ಕ."

"ಹಳದೀನೇ ಬಳೀತೀನಿ," ಎಂದು ಅವರು ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು.

ಪಂಪ್‌ಹೌಸಿನಲ್ಲಿ ಗಂಡ ಹಳೆಯ ಬನಿಯನ್ ತುಂಡಿನಿಂದ ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತಿದ್ದ. ಪಂಪಿನ ಸದ್ದಿನಲ್ಲಿ ಅವನ ಕಿವಿಗೆ ಬಾಯಿ ಇಟ್ಟು ಹೇಳಬೇಕಾಯಿತು. ಹಾಗೆ ಕೂಗಿ ಹೇಳುವಾಗ ಅವಳಿಗೆ ಅಳು ಬಂತು. ಅಳುತ್ತ ಕೂಗುವುದು ಎಷ್ಟು ಅಸಹ್ಯ ಎಂದೂ ಅನ್ನಿಸಿತು.

"ಅಣ್ಣಂಗೆ ಹೇಳಿದ್ಯಾ?" ಅವನು ಕೇಳಿದ್ದು ಅಷ್ಟೇ.

"ಇಲ್ಲ. ಹೇಗೆ ಹೇಳ್ಲಿ?"

ಅವನು ಗೋಡೆಯ ದಪ್ಪ ಕೊಳವೆಯ ಕಡೆ ನೋಡಿದ. ಹಗಲೂ ಇರುಳೂ ಕೆಳಗಿನ ನೀರನ್ನು ಎತ್ತಿ ಹೊರಗೆ ಚೆಲ್ಲುವ ಕೊಳವೆ. "ಇದನ್ನ ನಿಲ್ಲಿಸು ಅಂತ ಒಂದು ದಿನ ನಂಗೇ ಹೇಳ್ತಾರೆ," ಎಂದ. "ನಾನೇ ಸ್ವಿಚ್ಚು ಒತ್ತಬೇಕು. ನೀನು ಹೋಗಿ ಅಣ್ಣಂಗೆ ಹೇಳು. ಬೇರೆಯವ್ರ ಬಾಯಿಂದ ಕೇಳಿದ್ರೆ ತಡ್ಕೊಳ್ಳಲ್ಲ."

ಮಧ್ಯಾಹ್ನದ ಪಾಳಿಯ ಹೊತ್ತಿಗೆ ಅವಳು ಕೆಳಗಿಳಿಸುವ ಕಬ್ಬಿಣದ ಕೇಜಿನಲ್ಲಿ ನಿಂತಿದ್ದಳು. ಗಂಬೂಟಿನೊಳಗೆ ಕಾಲು ತಣ್ಣಗಾಗಿತ್ತು. ಭಾವನಿಗೆ ಹೇಳಬೇಕಾದ ಮಾತನ್ನು ಹತ್ತಾರು ಸಲ ಜೋಡಿಸಿ ನೋಡಿದಳು. ಕೆಳಗೆ ತಲುಪುವ ಹೊತ್ತಿಗೆ ಅದರಲ್ಲಿ ಒಂದು ಪದವೂ ಉಳಿದಿರಲಿಲ್ಲ.

ಸುರಂಗದ ತುದಿಯಲ್ಲಿ ಆಗಲೇ ರಂಧ್ರಗಳಿಗೆ ಮದ್ದು ತುಂಬಿ ಮುಗಿದಿತ್ತು. ಭಾವ ಎಲ್ಲರನ್ನೂ ಹಿಂದಕ್ಕೆ ಕಳಿಸಿ, ತಲೆ ಎಣಿಸಿ, ತಿರುವಿನ ಹಿಂದೆ ಹಲಗೆಯ ಮೇಲೆ ಕೂಡಿಸಿದ್ದರು. ಅವಳನ್ನು ಕಂಡದ್ದೇ ಮುಖ ಅರಳಿತು.

"ಬಂದ್ಯಾ? ಸರಿಯಾದ ಹೊತ್ತಿಗೆ ಬಂದೆ. ಬಾ, ಕೂತ್ಕೋ. ಲೋ, ಕಲ್ಲಕ್ಕಂಗೆ ಜಾಗ ಬಿಡ್ರೋ. ಒದ್ದೆ ಇರೋ ಕಡೆ ಕೂರಿಸ್ತೀರಲ್ಲ, ಬುದ್ಧಿ ಬೇಡ್ವಾ?"

"ಭಾವ, ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

"ಮಾತಾಡೋಣ. ಮೊದ್ಲು ಇದೊಂದು ಹೊಡೆದುಬಿಡ್ಲಿ. ಕಿವಿ ಮುಚ್ಕೋ."

ನೆಲ ಅದುರಿತು. ಗಾಳಿ ಎದೆಗೆ ಗುದ್ದಿ ಹಿಂದಕ್ಕೆ ಹೋಯಿತು. ಆಮೇಲೆ ಹೊಗೆ ತಿಳಿಯಾಗುವವರೆಗೂ ಕಾಯಬೇಕು. ಗಂಡಸರು ಯಾರದೋ ಮದುವೆಯ ಹರಟೆ ಹೊಡೆದರು, ಒಬ್ಬನ ಗೊರಕೆಯ ಬಗ್ಗೆ ಇನ್ನೊಬ್ಬ ದೂರು ಹೇಳಿದ. ಭಾವ ಅವಳ ಪಕ್ಕದಲ್ಲೇ ಇದ್ದರು. ಈಗ ಹೇಳಬಹುದಿತ್ತು. ಇಷ್ಟು ಜನರ ನಡುವೆ ಹೇಗೆ ಹೇಳುವುದು?

ಮೊದಲು ಮುಂದೆ ಹೋದವರು ಭಾವ. ಕಬ್ಬಿಣದ ಸಲಾಕೆಯಿಂದ ಸಡಿಲ ಕಲ್ಲುಗಳನ್ನು ಮೀಟಿ ಬೀಳಿಸುವ ಸದ್ದು ಕೇಳಿಸಿತು. ಆಮೇಲೆ ಸದ್ದು ನಿಂತಿತು. ಆಮೇಲೆ ಭಾವ ಕೂಗಿದರು.

"ಬಿಳೀ! ಲೋ, ಬನ್ರೋ, ಬಿಳೀ ಕಲ್ಲು!"

ಎಲ್ಲರೂ ಬಿದ್ದೆನೋ ಕೆಟ್ಟೆನೋ ಎಂದು ಓಡಿದರು. ಅವಳು ಕೊನೆಗೆ ಹೋದಳು. ಅಷ್ಟೂ ದೀಪಗಳು ಒಂದೇ ಕಡೆ ಬಿದ್ದಿದ್ದವು. ಒಡೆದ ಹಸಿರು ಬಂಡೆಯ ನಡುವೆ, ನೆಲದಿಂದ ಮಾಡಿನವರೆಗೂ, ಆಳೆತ್ತರಕ್ಕೂ ಮಿಗಿಲಾಗಿ ಬಿಳಿಯ ಕಲ್ಲಿನ ಪಟ್ಟೆ ನಿಂತಿತ್ತು. ಈ ಗಣಿಯಲ್ಲಿ ಚಿನ್ನ ಸಿಕ್ಕಿದ್ದೆಲ್ಲ ಬಿಳಿ ಕಲ್ಲಿನ ಜೊತೆಗೇ. ಒಬ್ಬ ಗೋಡೆಗೆ ಮುತ್ತು ಕೊಟ್ಟ. ಇನ್ನೊಬ್ಬ, ವಯಸ್ಸಾದವನು, ಹೆಲ್ಮೆಟ್ ತೆಗೆದು ಎದೆಗವಚಿಕೊಂಡು ನಿಂತುಬಿಟ್ಟ.

"ನಾನ್ ಹೇಳ್ಲಿಲ್ವಾ?" ಭಾವನ ದನಿ ಒಡೆದಿತ್ತು. "ನಮ್ಮನೆ ಸೊಸೆ ಪೂರ್ವಕ್ಕೆ ಅಂದ್ಳು ಅಂತ ಹೇಳ್ಲಿಲ್ವಾ ನಾನು? ಬಾಮ್ಮ, ನೋಡು ಬಾ. ನೀನೇ ಹೇಳು."

ಅವರು ದಾರಿ ಬಿಟ್ಟರು. ಅವಳು ಹತ್ತಿರ ಹೋಗಿ ನೋಡಿದಳು. ಪಟ್ಟೆ ಗಾರೆಯವನು ನೂಲು ಹಿಡಿದು ಕಟ್ಟಿದ ಗೋಡೆಯಂತೆ ನೆಟ್ಟಗಿತ್ತು. ಎಲ್ಲೂ ಬಾಗಿರಲಿಲ್ಲ, ಎಲ್ಲೂ ಮಡಿಚಿರಲಿಲ್ಲ, ಅಂಚಿನಲ್ಲಿ ಒಂದು ಸುಕ್ಕು ಕೂಡ ಇರಲಿಲ್ಲ. ಸುತ್ತಲಿನ ಹಸಿರು ಕಲ್ಲು ತಿಂದ ಪೆಟ್ಟುಗಳಲ್ಲಿ ಒಂದನ್ನೂ ಅದು ತಿಂದಿರಲಿಲ್ಲ. ಚಿನ್ನದ ಪಟ್ಟೆ ಎರಡನೆಯ ಪೆಟ್ಟಿಗೆ ಸಿಕ್ಕಿ ಮುದುರಿಕೊಂಡದ್ದು. ಇದು ಎಲ್ಲ ಗಲಾಟೆಯೂ ಮುಗಿದು ನೆಲ ತಣ್ಣಗಾದ ಮೇಲೆ ನಿಧಾನವಾಗಿ ಬಂದದ್ದು. ಬರಿಗೈಯಲ್ಲಿ ಬಂದದ್ದು.

ಅಷ್ಟು ಮುಖಗಳು ಅವಳನ್ನೇ ನೋಡುತ್ತಿದ್ದವು. ಹೇಳು, ಈಗಲೇ ಹೇಳು ಎಂದು ತನಗೆ ತಾನೇ ಅಂದುಕೊಂಡಳು.

"ಲ್ಯಾಬಿಗೆ ಕಳ್ಸಿ ನೋಡ್ಬೇಕು," ಎಂದಳು.

"ಲ್ಯಾಬಿಗೆ ಕಳ್ಸಿ, ಎಲ್ಲಿಗೆ ಬೇಕಾದ್ರೂ ಕಳ್ಸಿ!" ಎಂದು ಯಾರೋ ಕೂಗಿದರು. ಮತ್ತೆ ಗದ್ದಲ ಎದ್ದಿತು. ಅವಳು ಸುತ್ತಿಗೆಯಿಂದ ಬಿಳಿ ಕಲ್ಲಿನ ಚೂರುಗಳನ್ನು ಕೆತ್ತಿ ಚೀಲಕ್ಕೆ ಹಾಕಿದಳು. ಅದು ಅವಳ ಕೆಲಸ, ಕೈ ತಾನಾಗಿ ಮಾಡಿತು.

ಪಾಳಿ ಮುಗಿದಾಗ ಭಾವ ಕಲ್ಲಿನ ಚೀಲವನ್ನು ಅವಳ ಕೈಯಿಂದ ಕಿತ್ತುಕೊಂಡು ಹೆಗಲಿಗೇರಿಸಿ ಮುಂದೆ ನಡೆದರು. ಉಳಿದವರು ಸಲಕರಣೆ ಕಟ್ಟುತ್ತಾ ಹಿಂದುಳಿದರು. ಹಳಿಗಳ ನಡುವೆ ನೀರು ನಿಂತಿತ್ತು.

"ಕಾಲು ನೋಡ್ಕೊಂಡು ಬಾ. ಏನೋ ಮಾತಾಡ್ಬೇಕು ಅಂದೆಯಲ್ಲ?"

"ಭಾವ, ಆ ಕಲ್ಲಲ್ಲಿ ಏನೂ ಇಲ್ಲ."

ಅವರು ನಿಲ್ಲಲಿಲ್ಲ. ಇನ್ನೂ ಒಂದಷ್ಟು ದೂರ ನಡೆದರು. ಆಮೇಲೆ ನಿಂತರು. ಅವಳು ಎಲ್ಲವನ್ನೂ ಹೇಳಿದಳು, ಗೆರೆ, ಫೋನು, ಪುಟ್ಟ ಮಡಿಕೆಗಳು, ಮ್ಯಾನೇಜರರು, ಕಂಪನಿ. ಹೇಳುವಷ್ಟು ಹೊತ್ತೂ ಭಾವನ ದೀಪ ಅವಳ ಬೂಟಿನ ಮೇಲೆ ಬಿದ್ದಿತ್ತು.

"ಹಾಗಾದ್ರೆ ಯಾವ ಕಡೆ?"

"ಪಶ್ಚಿಮಕ್ಕೆ."

"ಖಂಡಿತನಾ?"

"ಈಗ ಖಂಡಿತ."

"ಈಗ ಖಂಡಿತ," ಎಂದರು ಅವರು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ಮೇಲಾಗಿತ್ತು.

"ಬೈರಿ ಭಾವ. ಕೈ ಮುಗೀತೀನಿ, ಏನಾದ್ರೂ ಅನ್ನಿ."

"ಬೈದ್ರೆ ಸುರಂಗ ತಿರುಗುತ್ತಾ?" ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದರು. "ಆವತ್ತು ಅವ್ರು ಕರೆಯೋಕೆ ಬಂದಿದ್ರಲ್ಲ. ಹುಡುಗ್ರು ಅರ್ಧ ಮನಸ್ಸು ಮಾಡಿದ್ರು. ನಾನೇ ಬೇಡ ಅಂದೆ."

"ನನ್ನ ಮಾತು ಕೇಳಿ ಬೇಡ ಅಂದ್ರಿ."

"ನಿನ್ನ ಮಾತು ನಾನು ಕೇಳ್ದೆ. ಅವ್ರು ಕೇಳಿದ್ದು ನನ್ನ ಮಾತು."

ಹಿಂದಿನಿಂದ ನಗುವಿನ ಸದ್ದು, ಬೂಟುಗಳು ನೀರು ತುಳಿಯುವ ಸದ್ದು ಹತ್ತಿರವಾಯಿತು. ಭಾವ ತೋಳಿನಿಂದ ಮುಖ ಒರೆಸಿಕೊಂಡರು. ತೋಳಿನ ಮಣ್ಣು ಮುಖಕ್ಕೆ ಬಂತು.

"ಇವತ್ತೊಂದಿನ ಬಿಡು," ಎಂದರು. "ಮನೆಗೆ ಹೋಗಿ ಹೆಂಡ್ತಿ ಮಕ್ಕಳ ಜೊತೆ ನಗ್ತಾ ಊಟ ಮಾಡ್ಲಿ. ನಾಳೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ."

"ಅಕ್ಕ ಹಳದಿ ಬಣ್ಣ ಬಳೀತಿದಾರೆ ಭಾವ."

"ಬಳೀಲಿ."

ಕೇಜಿನಲ್ಲಿ ಅವರೆಲ್ಲ ಗೋಡೆಗೆ ಒತ್ತಿಕೊಂಡು ನಿಂತು, ನೀರು ತೊಟ್ಟಿಕ್ಕದ ನಡುಭಾಗವನ್ನು ಅವಳಿಗೆ ಬಿಟ್ಟುಕೊಟ್ಟರು. ಗಂಟೆ ಹೊಡೆಯಿತು. ಕೇಜು ಜಗ್ಗಿ ಮೇಲಕ್ಕೆ ಹೊರಟಿತು.

"ಕಲ್ಲಕ್ಕಂದು ಒಂದು ವಿಗ್ರಹ ಮಾಡಿಸ್ಬೇಕು ಕಣ್ರೋ," ಎಂದ ಗೊರಕೆಯವನು. "ಕ್ವಾರ್ಟರ್ಸ್ ಬಾಗಿಲಲ್ಲೇ ನಿಲ್ಸೋಣ."

"ಯಾವ ಕಲ್ಲಲ್ಲಿ ಮಾಡಿಸ್ತೀಯ?"

"ಇನ್ಯಾವ್ದ್ರಲ್ಲಿ, ನಮ್ಮ ಹಸಿರು ಕಲ್ಲಲ್ಲೇ. ಆದ್ರೆ ಒಂದು, ಕೈ ಮಾತ್ರ ಹೀಗೆ ಪೂರ್ವಕ್ಕೆ ಚಾಚಿರ್ಬೇಕು," ಎಂದು ಅವನು ಎದೆಯುಬ್ಬಿಸಿ, ಇಕ್ಕಟ್ಟಿನಲ್ಲೇ ಕೈ ನೀಡಿ ತೋರಿಸಿದ. ಆ ಕೈ ಪಕ್ಕದವನ ಮೂಗಿಗೆ ತಗಲಿತು.

ಕೇಜು ತುಂಬ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ. ಉಳಿದವರದು ನಿಂತ ಮೇಲೂ ಅವರು ಇನ್ನೂ ನಗುತ್ತಿದ್ದರು.